ತೊಂಬತ್ತೊಂಬತ್ತು ನಿಮಿಷ

ಸರಾಸರಿ ಅಕ್ಕನ ನಿಜವಾದ ಹೆಸರು ನಮ್ಮ ಆಂಬುಲೆನ್ಸ್ ಕಚೇರಿಯ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿಲ್ಲ. ಕರೆ ಬಂದ ಮೇಲೆ ಯಾವ ಸ್ಟ್ಯಾಂಡಿನ ಗಾಡಿ ಎಷ್ಟು ನಿಮಿಷಕ್ಕೆ ರೋಗಿಯ ಬಾಗಿಲು ಮುಟ್ಟಿತು ಎಂದು ತಿಂಗಳಿಗೊಮ್ಮೆ ಸರಾಸರಿ ತೆಗೆದು ಮೇಲಿನ ಕಚೇರಿಗೆ ಕಳಿಸುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ, ಅದೇ ಕುರ್ಚಿ. ಎದುರಿನ ಮೇಜು ನನ್ನದು. ಡ್ರೈವರುಗಳು ಬರೆದುಕೊಟ್ಟ ಟ್ರಿಪ್ ಚೀಟಿಗಳನ್ನು ನಾನು ಕಂಪ್ಯೂಟರಿಗೆ ತುಂಬುತ್ತೇನೆ, ಅಕ್ಕ ಕೂಡಿಸಿ ಭಾಗಿಸುತ್ತಾರೆ. ಹದಿನಾರು ವರ್ಷ ಎದುರುಬದುರು ಕೂತವರ ನಡುವೆ ಗುಟ್ಟು ಉಳಿಯುವುದಿಲ್ಲ. ಅವರ ಯಜಮಾನರು ಗೊರಕೆ ಹೊಡೆಯುವುದು ನನಗೆ ಗೊತ್ತು, ನಾನು ಸೋಮಾರಿ ಎಂಬುದು ಅವರಿಗೆ ಗೊತ್ತು.

ನಮ್ಮ ಕೋಣೆ ಮೆಟ್ಟಿಲ ಕೆಳಗಿದೆ. ಚಾವಣಿ ಒಂದು ಕಡೆ ಇಳಿಜಾರಾಗಿರುವುದರಿಂದ ಅಕ್ಕ ಕುರ್ಚಿಯಿಂದ ಏಳುವಾಗ ತಲೆ ತಗ್ಗಿಸುತ್ತಾರೆ. ಅಭ್ಯಾಸಬಲದಿಂದ ಮನೆಯಲ್ಲೂ ತಗ್ಗಿಸುತ್ತಾರಂತೆ. ಬಾಗಿಲನ್ನು ಒಂಚೂರು ಎತ್ತಿ ತಳ್ಳಿದರೆ ಮಾತ್ರ ತೆರೆಯುತ್ತದೆ, ಹೊಸಬರು ಒಳಗೆ ಸಿಕ್ಕಿಕೊಂಡು ಕೂಗಿದ್ದೂ ಉಂಟು. ಇರುವ ಒಂದೇ ಕಿಟಕಿಯಾಚೆ ಗಾಡಿ ತೊಳೆಯುವ ಜಾಗ, ಅದರಾಚೆ ಗೇಟು. ಗೇಟಿನಲ್ಲಿ ಮೀಸೆ ಡ್ರೈವರ್ ಕೂತಿರುತ್ತಾನೆ. ಡ್ರೈವರ್ ಎನ್ನುವುದು ಈಗ ಹೆಸರಿಗೆ ಮಾತ್ರ. ಮೂರು ವರ್ಷದ ಹಿಂದೆ ಕಲ್ಲುಕ್ವಾರಿ ರಸ್ತೆಯ ಸ್ಟ್ಯಾಂಡ್ ಮುಚ್ಚಿದಾಗ ಅವನ ಗಾಡಿ ಕಿತ್ತುಕೊಂಡು ಕೈಗೆ ಗೇಟಿನ ಹಗ್ಗ ಕೊಟ್ಟರು. ಅಂದಿನಿಂದ ಎಳೆಯುತ್ತಾನೆ, ಬಿಡುತ್ತಾನೆ. ಬೆಳಿಗ್ಗೆ ಅಕ್ಕ ಬಂದಾಗ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ.

ಈ ವರ್ಷ ಮೇಲಿನಿಂದ ಒಂದು ಆದೇಶ ಬಂತು. ಇಲ್ಲಿಯವರೆಗೆ ಬಳಸುತ್ತಿದ್ದ ಅಂಕಿಅಂಶದ ತಂತ್ರಾಂಶದ ಪರವಾನಗಿಯನ್ನು ತಿಂಗಳ ಕೊನೆಗೆ ನಿಲ್ಲಿಸಲಾಗುವುದು. ಇನ್ನು ಮುಂದೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ, ಒಳಗಿನ ಕೋಡನ್ನೂ ಯಾರು ಬೇಕಾದರೂ ನೋಡಬಹುದಾದ ಮುಕ್ತ ತಂತ್ರಾಂಶವನ್ನೇ ಬಳಸತಕ್ಕದ್ದು. ಅದರ ಹೆಸರು ಒಂದೇ ಅಕ್ಷರ, ಆರ್. ಜೊತೆಗೆ ಒಂದು ಬಾಲ ಬೇರೆ: ಕಳೆದ ಐದು ವರ್ಷದ ವರದಿಗಳನ್ನು ಹೊಸದರಲ್ಲಿ ಮತ್ತೆ ಲೆಕ್ಕ ಹಾಕಿ, ಹಳೆಯ ಉತ್ತರವೂ ಹೊಸ ಉತ್ತರವೂ ಒಂದೇ ಎಂದು ದೃಢೀಕರಿಸಿ, ಸಂಬಂಧಪಟ್ಟ ನೌಕರರು ಸಹಿ ಮಾಡತಕ್ಕದ್ದು. ಸಂಬಂಧಪಟ್ಟ ನೌಕರರು ಎಂದರೆ ಅಕ್ಕ. ಚೀಟಿ ತುಂಬಿದವನ ಸಾಲಿನಲ್ಲಿ ನಾನು.

ಅಕ್ಕನಿಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. "ಹೋಗೋ ಕಾಲಕ್ಕೆ ನನ್ನ ಕೈಲಿ ಅಆಇಈ ತಿದ್ದಿಸ್ತಾರಲ್ಲೋ ತಮ್ಮ" ಎಂದು ಹಣೆ ಚಚ್ಚಿಕೊಂಡರು. ಚಚ್ಚಿಕೊಂಡೇ ಶುರು ಮಾಡಿದರು.

ಶುರುವಿನ ಕಥೆ ಕೇಳಬೇಡಿ. ಇಳಿಸಿಕೊಳ್ಳಬೇಕಾದದ್ದು ಎರಡು: ಲೆಕ್ಕ ಮಾಡುವ ಆರ್ ಒಂದು, ಅದರೊಡನೆ ಕೆಲಸ ಮಾಡಲು ಮೇಲೆ ಕೂರಿಸುವ, ಕಿಟಕಿ ಕಿಟಕಿಯಾಗಿ ತೆರೆಯುವ ಪರದೆಯ ಮುಖ ಇನ್ನೊಂದು. ಅಕ್ಕ ಚೆನ್ನಾಗಿ ಕಾಣುತ್ತದೆಂದು ಮುಖವನ್ನು ಮೊದಲು ಇಳಿಸಿದರು. ಅದು ತೆರೆದುಕೊಂಡು, ಒಳಗೆ ಆರ್ ಇಲ್ಲವಲ್ಲ ಎಂದು ಮುಖ ಗಂಟಿಕ್ಕಿತು. ಆರ್ ಇಳಿಸಲು ಹೋದರೆ ನಿಮಗೆ ಅನುಮತಿ ಇಲ್ಲ ಎಂದಿತು ಕಂಪ್ಯೂಟರು. ಅನುಮತಿಯ ಪಾಸ್‌ವರ್ಡ್ ಇದ್ದದ್ದು ಮೂರನೇ ಮಹಡಿಯ ಕಂಪ್ಯೂಟರ್ ವಿಭಾಗದಲ್ಲಿ. ಅದಕ್ಕೆ ಅರ್ಜಿ, ಅರ್ಜಿಗೆ ಮೊಹರು, ಮೊಹರು ಹಾಕುವವರಿಗೆ ರಜೆ. ನಾಲ್ಕು ದಿನ ಮೆಟ್ಟಿಲು ಹತ್ತಿ ಇಳಿದು ಅಕ್ಕನ ಮಂಡಿ ಬಾತುಕೊಂಡಿತು. ಕೊನೆಗೊಮ್ಮೆ ಬಂದು ಕೂತ ಆರ್ ನೋಡಿದರೆ ಬಿಳಿಯ ಖಾಲಿ ಹಾಳೆ, ಮೂಲೆಯಲ್ಲೊಂದು ಬಾಣದ ಗುರುತು, ಅದರ ಪಕ್ಕ ಮಿನುಗುವ ಗೆರೆ. ಒತ್ತಲು ಒಂದು ಗುಂಡಿ ಇಲ್ಲ, ಆರಿಸಲು ಒಂದು ಪಟ್ಟಿ ಇಲ್ಲ. "ಇದೇನೋ ಇದು, ನಾನು ಮಾತಾಡ್ಸೋ ತನಕ ಬಾಯೇ ಬಿಡಲ್ವಲ್ಲ!" ಎಂದರು.

ಮೊದಲ ದಿನ ಅವರು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರು. ಪರದೆಯ ಮೇಲೆ ಒಂದು ಕೂಡುವ ಚಿಹ್ನೆ ಬಂತು. ಲೆಕ್ಕ ಹಾಕುತ್ತಿದೆ, ಪಾಪ, ಎಂದುಕೊಂಡು ಕಾದರು. ಮತ್ತೆ ಎಂಟರ್, ಮತ್ತೊಂದು ಕೂಡುವ ಚಿಹ್ನೆ. ಮಧ್ಯಾಹ್ನ ನಾನು ಊಟ ಮುಗಿಸಿ ಬರುವಾಗ ಪರದೆಯ ತುಂಬ ಮೇಲಿಂದ ಕೆಳಕ್ಕೆ ಕೂಡುವ ಚಿಹ್ನೆ, ಅದರೆದುರು ಅಕ್ಕ ಕೈಕಟ್ಟಿ ಕೂತಿದ್ದಾರೆ. ಆಗಿದ್ದಿಷ್ಟೇ, ತೆರೆದ ಬ್ರಾಕೆಟ್ಟನ್ನು ಮುಚ್ಚಿರಲಿಲ್ಲ. ಮುಚ್ಚುವ ತನಕ ಅದು ಮುಂದಕ್ಕೂ ಹೋಗದು, ಹಿಂದಕ್ಕೂ ಬಿಡದು. ನಾನು ಮೇಲಿನ ಮೂಲೆಯ ಎಸ್ಕೇಪ್ ಗುಂಡಿ ಒತ್ತಿದೆ, ಬಾಣ ಮರಳಿ ಬಂತು. "ಅಯ್ಯೋ, ಬಿಡಿಸ್ಕೊಳ್ಳೋಕೆ ಒಂದು ಗುಂಡಿ ಇದೆ ಅಂತ ಮೊದ್ಲೇ ಹೇಳ್ಬಾರ್ದಾ!" ಎಂದು ನನ್ನನ್ನೇ ಬೈದರು.

ಆದರೆ ಅಕ್ಕ ಹಟದ ಹೆಂಗಸು. ಎರಡೇ ವಾರದಲ್ಲಿ ಚೀಟಿಗಳ ಕಡತವನ್ನು ಆರ್‌ಗೆ ಓದಿಸಿದರು. ಸರಾಸರಿಗೆ ಇರುವ ಮೀನ್ ಎಂಬ ಇಂಗ್ಲಿಷ್ ಪದವನ್ನು ದೊಡ್ಡಕ್ಷರದಲ್ಲಿ ಬರೆದರೆ ಗುರುತೇ ಹಿಡಿಯುವುದಿಲ್ಲ, ಸಣ್ಣಕ್ಷರವೇ ಬೇಕು ಎಂದು ಕಲಿತರು. ಒಂದೊಂದೇ ಸ್ಟ್ಯಾಂಡಿನ ಉತ್ತರ ಹಳೆಯದಕ್ಕೆ ತಾಳೆಯಾಗುತ್ತ ಬಂತು. ಕಲ್ಲುಕ್ವಾರಿ ರಸ್ತೆ, ಕೊನೆಯ ವರ್ಷ: ಮುನ್ನೂರ ಹನ್ನೆರಡು ಟ್ರಿಪ್, ಸರಾಸರಿ ನಲವತ್ತೊಂದು ನಿಮಿಷ. ಹಳೆಯದರಲ್ಲೂ ನಲವತ್ತೊಂದೇ. ಮೂವತ್ತು ದಾಟಿದ ಸ್ಟ್ಯಾಂಡನ್ನು ಮುಚ್ಚಿ ಪಟ್ಟಣದ ಸ್ಟ್ಯಾಂಡಿಗೆ ಸೇರಿಸಬೇಕು ಎಂಬುದು ನಿಯಮ. ಮುಚ್ಚಿದ್ದು ಅದಕ್ಕೇ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾವಿಬ್ಬರೂ ಸುಖವಾಗಿರುತ್ತಿದ್ದೆವು. ಹೊಸದಾಗಿ ಕಲಿತವರ ಚಪಲ, ನೋಡಿ. ಒಂದೇ ಸಾಲಿನಲ್ಲಿ ಚಿತ್ರ ಬರುತ್ತದಂತೆ ಎಂದು, ಗುರುವಾರ ಬೆಳಿಗ್ಗೆ ಕಲ್ಲುಕ್ವಾರಿಯ ನಿಮಿಷಗಳನ್ನು ಚಿತ್ರ ಬರೆಯಿಸಿದರು. ಎಡಗಡೆ ಎಂಟರಿಂದ ಮೂವತ್ತು ನಿಮಿಷದೊಳಗೆ ಒಂದು ಗುಡ್ಡ. ಆಮೇಲೆ ಏನೂ ಇಲ್ಲ, ಬಟಾಬಯಲು. ಬಲಗಡೆಯ ತುದಿಯಲ್ಲಿ ಒಂಟಿ ಕಂಬ.

"ಇದ್ಯಾವುದೋ ತಮ್ಮ, ಇಲ್ಲಿ ನಿಂತಿರೋದು?"

ನಾನು ಎದ್ದು ಹೋಗಿ ನೋಡಿದೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ನನ್ನದೇ ಕಂಬ.

ನಮ್ಮಲ್ಲಿ ಒಂದು ಪದ್ಧತಿ ಇದೆ. ತಲುಪಿದ ಸಮಯದ ಜಾಗ ಚೀಟಿಯಲ್ಲಿ ಖಾಲಿ ಇದ್ದರೆ ಕಂಪ್ಯೂಟರಿನಲ್ಲಿ ತೊಂಬತ್ತೊಂಬತ್ತು ಎಂದು ಹಾಕಬೇಕು. ತೊಂಬತ್ತೊಂಬತ್ತು ಎಂದರೆ ಗೊತ್ತಿಲ್ಲ ಎಂದರ್ಥ. ನನಗೆ ಕೆಲಸ ಹೇಳಿಕೊಟ್ಟವರು ಹಾಗೆ ಹೇಳಿಕೊಟ್ಟರು, ನಾನು ಹಾಗೆ ಹಾಕಿದೆ. ಬೇರೆ ಸ್ಟ್ಯಾಂಡುಗಳ ಡ್ರೈವರುಗಳು ಜಾಣರು. ಪಾಳಿ ಮುಗಿದ ಮೇಲೆ ಚಹಾ ಕುಡಿಯುತ್ತ ಹೆಚ್ಚುಕಮ್ಮಿ ಎಲ್ಲ ಚೀಟಿಗಳಿಗೂ ಇಪ್ಪತ್ತೆರಡು, ಇಪ್ಪತ್ನಾಲ್ಕು ಎಂದು ಬಾಯಿಗೆ ಬಂದದ್ದು ಬರೆದುಬಿಡುತ್ತಿದ್ದರು. ಮೀಸೆ ಡ್ರೈವರ್ ಒಬ್ಬ ಮಾತ್ರ ಗಡಿಯಾರ ನೋಡಿದ್ದರೆ ಬರೆಯುವವನು, ನೋಡಿರದಿದ್ದರೆ ಖಾಲಿ ಬಿಡುವವನು. "ಏನೋ ಒಂದು ಬರ್ದು ಸಾಯಯ್ಯಾ" ಎಂದು ನಾನು ಎಷ್ಟೋ ಸಲ ಫೋನಿನಲ್ಲಿ ರೇಗಿದ್ದೆ. "ನೋಡ್ದೇ ಇರೋ ಟೈಮು ಹೆಂಗೆ ಬರೀಲಿ ಸಾರ್" ಎನ್ನುತ್ತಿದ್ದ. ಮುನ್ನೂರ ಹನ್ನೆರಡರಲ್ಲಿ ತೊಂಬತ್ತು ಖಾಲಿ. ತೊಂಬತ್ತಕ್ಕೂ ನಾನು ತೊಂಬತ್ತೊಂಬತ್ತು ಕುಟ್ಟಿದ್ದೆ, ಒಂದೊಂದಕ್ಕೂ ಅವನನ್ನು ಬೈಯುತ್ತ ಕುಟ್ಟಿದ್ದೆ.

ನಾನು ಹೇಳಿದ್ದನ್ನು ಕೇಳಿ ಅಕ್ಕ ಹಳೆಯ ತಂತ್ರಾಂಶ ತೆರೆದು ಆರು ವರ್ಷದ ಹಿಂದಿನ ಕಡತ ಹುಡುಕಿದರು. ಆಗ ಕಂಪ್ಯೂಟರ್ ವಿಭಾಗದಲ್ಲಿದ್ದ ಅಧಿಕಾರಿಯೊಬ್ಬರು ಮಾಡಿಟ್ಟ ಕಡತ ಅದು. ಅದರ ಒಂದು ಮೂಲೆಯಲ್ಲಿ, ತೊಂಬತ್ತೊಂಬತ್ತು ಬಂದರೆ ಲೆಕ್ಕಕ್ಕೆ ಹಿಡಿಯಬೇಡ ಎಂದು ತಂತ್ರಾಂಶಕ್ಕೆ ಹೇಳಿಟ್ಟಿದ್ದರು. ಐದು ವರ್ಷದ ಹಿಂದೆ ಹೊಸ ಕಂಪ್ಯೂಟರ್ ಬಂದಾಗ ಅಕ್ಕ ಹೊಸ ಕಡತವನ್ನು ಸ್ವಂತ ಕೈಯಿಂದ ಅಚ್ಚುಕಟ್ಟಾಗಿ ಕಟ್ಟಿದ್ದರು. ಅದರಲ್ಲಿ ಆ ಮೂಲೆ ಖಾಲಿ. ಅಲ್ಲಿ ಏನೋ ಹೇಳಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಗೊತ್ತಿಲ್ಲ ಎಂಬುದೆಲ್ಲ ತೊಂಬತ್ತೊಂಬತ್ತು ನಿಮಿಷವಾಗಿ ಸರಾಸರಿಯೊಳಗೆ ಬಿದ್ದಿತ್ತು. ಎಲ್ಲ ಸ್ಟ್ಯಾಂಡಿನ ಅಂಕಿಯೂ ಸ್ವಲ್ಪ ಸ್ವಲ್ಪ ಏರಿತ್ತು. ರಸ್ತೆ ಅಗೆದಿದ್ದಾರಲ್ಲ, ಅದಕ್ಕೇ ಎಂದು ಎಲ್ಲರೂ ನಂಬಿದ್ದರು. ನಮ್ಮಲ್ಲಿ ಯಾವುದಕ್ಕಾದರೂ ರಸ್ತೆ ಅಗೆದಿರುತ್ತಾರೆ.

ಆರ್‌ನಲ್ಲಿ ಗೊತ್ತಿಲ್ಲ ಎನ್ನುವುದಕ್ಕೆ ಬೇರೆಯದೇ ಗುರುತಿದೆ, ಅಂಕಿಯೇ ಅಲ್ಲದ ಎರಡು ಅಕ್ಷರ. ಅಕ್ಕ ತೊಂಬತ್ತು ಕಡೆಯೂ ಅದನ್ನು ಹಾಕಿಸಿ ಮತ್ತೆ ಸರಾಸರಿ ಕೇಳಿದರು. ಉತ್ತರವನ್ನೂ ಆ ಎರಡು ಅಕ್ಷರದಲ್ಲೇ ಕೊಟ್ಟಿತು. ಗೊತ್ತಿಲ್ಲದ್ದು ಒಂದು ಸೇರಿದರೂ ಒಟ್ಟು ಗೊತ್ತಾಗುವುದಿಲ್ಲ ಎಂಬ ಸ್ವಭಾವ ಅದರದ್ದು. ಗೊತ್ತಿಲ್ಲದ್ದನ್ನು ಬಿಟ್ಟು ಹೇಳು ಎಂದು ಸ್ಪಷ್ಟವಾಗಿ ಬರೆದು ಕೇಳಿದ ಮೇಲೆ ಹೇಳಿತು: ಹದಿನೇಳೂವರೆ. ಇಡೀ ಪಟ್ಟಿಯಲ್ಲಿ ಅಷ್ಟು ಕಡಿಮೆ ಇನ್ಯಾವ ಸ್ಟ್ಯಾಂಡಿನದೂ ಇರಲಿಲ್ಲ.

ಅಕ್ಕ ಕಿಟಕಿಯ ಕಡೆ ನೋಡಲಿಲ್ಲ. ಗೇಟು ಕಾಣುತ್ತದಲ್ಲ.

ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳುವುದು ಎಂದರೇನು ಎಂದು ಆ ಮಧ್ಯಾಹ್ನ ತಿಳಿಯಿತು. ತೊಂಬತ್ತೊಂಬತ್ತನ್ನು ಹಾಗೇ ಬಿಟ್ಟರೆ ಹಳೆಯದೂ ಹೊಸದೂ ತಾಳೆ, ಸಹಿ ಹಾಕಿ ಕೈ ತೊಳೆದುಕೊಳ್ಳಬಹುದು. ಭಾಗಾಕಾರದಲ್ಲಿ ಒಂದು ತಪ್ಪಿಲ್ಲ, ಹೇಳಿದ್ದು ಮಾತ್ರ ಸುಳ್ಳು. ಸರಿಪಡಿಸಿದರೆ ತಾಳೆಯಾಗುವುದಿಲ್ಲ, ಯಾಕೆ ಎಂದು ಕೇಳುತ್ತಾರೆ, ಐದು ವರ್ಷದ ವರದಿಗಳನ್ನು ಕೆದಕುತ್ತಾರೆ, ವಿಚಾರಣೆ. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. "ಅಕ್ಕ, ಚಿತ್ರ ಅಳಿಸಿಬಿಡಿ" ಎಂದೆ. ಅಕ್ಕ ನನ್ನನ್ನು ನೋಡಿದ ರೀತಿಗೆ ತಲೆ ತಗ್ಗಿಸಿ ಚೀಟಿ ತುಂಬುತ್ತ ಕೂತೆ.

ಶುಕ್ರವಾರ ಅವರು ಸೂಪರಿಂಟೆಂಡೆಂಟ್ ಸಾಹೇಬರ ಕೋಣೆಗೆ ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಸಾಹೇಬರು ಕೆಟ್ಟವರಲ್ಲ. ಎಲ್ಲವನ್ನೂ ಕೇಳಿದರು, ಚಿತ್ರವನ್ನು ಒಂದು ಸಲ ಹತ್ತಿರ, ಒಂದು ಸಲ ದೂರ ಹಿಡಿದು ನೋಡಿದರು.

"ಅಲ್ಲಮ್ಮ, ತೊಂಬತ್ತೊಂಬತ್ತು ಹಾಕೋದು ನಮ್ಮ ಪದ್ಧತಿ ತಾನೆ?"

"ಹೌದು ಸಾರ್."

"ಪದ್ಧತಿ ಪ್ರಕಾರ ಹಾಕಿದೀರ. ಪದ್ಧತಿ ಪ್ರಕಾರ ಭಾಗಿಸಿದೀರ. ತಪ್ಪು ಎಲ್ಲಿ ಬಂತು?"

"ಸ್ಟ್ಯಾಂಡ್ ಮುಚ್ಚಿಬಿಟ್ರಲ್ಲ ಸಾರ್. ಈಗ ಕ್ವಾರಿ ಕಡೆ ಕರೆ ಬಂದ್ರೆ ಪಟ್ಟಣದಿಂದ ಗಾಡಿ ಹೋಗ್ಬೇಕು. ಮೂವತ್ತೆಂಟು ನಿಮಿಷ ಹಿಡಿಯುತ್ತೆ. ಇದು ನಿಜವಾದ ಮೂವತ್ತೆಂಟು."

ಸಾಹೇಬರು ಕಾಗದ ಕೆಳಗಿಟ್ಟು ಮೇಜಿನ ಅಂಚು ಸವರಿದರು. "ಇನ್ಮೇಲಿಂದ ಸರಿಯಾಗಿ ಮಾಡಿ, ನಾನು ಬೇಡ ಅನ್ನಲ್ಲ. ಹಳೇದು ಬಿಡಿ. ಇಲ್ಲದ ಸ್ಟ್ಯಾಂಡಿಗೆ ಸರಾಸರಿ ಕಟ್ಕೊಂಡು ಏನ್ಮಾಡ್ತೀರಿ? ಇನ್ನು ಹದಿನಾಲ್ಕು ತಿಂಗಳಲ್ಲಿ ಮನೆಗೆ ಹೋಗೋರು ನೀವು. ಸೋಮವಾರ ಸಹಿ ಮಾಡಿದ ಪತ್ರ ನನ್ನ ಮೇಜಿನ ಮೇಲಿರ್ಲಿ."

ಹೊರಗೆ ಬಂದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟರು. ಉಗುಳುವಂತಿಲ್ಲ, ನುಂಗುವಂತಿಲ್ಲ. ಇನ್ನು ಮುಂದೆ ಸರಿಯಾಗಿ ಮಾಡಿದರೆ ಬೇರೆ ಎಲ್ಲ ಸ್ಟ್ಯಾಂಡಿಗೂ ಲಾಭ. ಕಲ್ಲುಕ್ವಾರಿಗೆ ಮಾತ್ರ ಏನೂ ಇಲ್ಲ, ಮುಚ್ಚಿದ ಸ್ಟ್ಯಾಂಡಿಗೆ ಹೊಸ ಚೀಟಿ ಎಲ್ಲಿಂದ ಬರಬೇಕು?

ಶನಿವಾರ ರಜೆ. ಒಂದು ಕಾಗದ ಕೊಡುವ ನೆಪ ಮಾಡಿಕೊಂಡು ನಾನು ಅವರ ಮನೆಗೆ ಹೋದೆ. ನಿಜ ಹೇಳಬೇಕೆಂದರೆ ದೃಢೀಕರಣ ಪತ್ರಕ್ಕೆ ಸಹಿ ಮಾಡಿಸಲೆಂದೇ ಹೋಗಿದ್ದೆ. ಕೆಳಗೆ ಅವರ ಯಜಮಾನರ ಟೈಲರ್ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ನಡುವಿನ ಏಣಿಯಂಥ ಮೆಟ್ಟಿಲ ಮೇಲೆ ಅಕ್ಕ ಬಟನ್ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಯಜಮಾನರು ಕೋಟೊಂದರ ತೋಳು ಬಿಚ್ಚುತ್ತಿದ್ದರು.

"ನೀನಾದ್ರೂ ಹೇಳಪ್ಪ ಇವಳಿಗೆ" ಎಂದರು ನನ್ನನ್ನು ಕಂಡದ್ದೇ. "ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಕೂತಲ್ಲಿ ಹದಿನೇಳೂವರೆ, ನಿಂತಲ್ಲಿ ಹದಿನೇಳೂವರೆ. ಏನೇ, ಯಾರಿಗೂ ಗೊತ್ತಾಗದ ತಪ್ಪನ್ನ ಯಾಕೆ ಮೈಮೇಲೆ ಎಳ್ಕೋತೀಯ?"

"ನಿಮ್ಮ ಕೈಲಿ ಬಟ್ಟೆ ಹಾಳಾದ್ರೆ ಏನ್ ಮಾಡ್ತೀರ್ರೀ?"

"ಬಟ್ಟೆ ಮೇಲೆ ಹಾಕ್ತೀನಿ. ಒಗೆದ ಮೇಲೆ ಕುಗ್ಗಿದೆ ಸಾರ್ ಅಂತೀನಿ." ಹೇಳಿ ನಗಲು ನೋಡಿದರು. ಅಕ್ಕ ನಗಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಆ ಗಿರಾಕಿ ಎದುರು ಬಂದ್ರೆ ಈಗ್ಲೂ ರಸ್ತೆ ದಾಟಿಬಿಡ್ತೀನಿ" ಎಂದರು.

"ನಂಗೆ ದಾಟೋಕೆ ರಸ್ತೆ ಇಲ್ವಲ್ಲ" ಎಂದರು ಅಕ್ಕ. "ಒಳಗೆ ಹೋಗೋಕೆ ಇರೋದೇ ಒಂದು ಗೇಟು. ದಿನಾ ಎದ್ದು ನಿಂತು ಕೈ ಮುಗೀತಾನೆ ಕಣ್ರೀ. ಮೂರು ವರ್ಷದಿಂದ."

ಪತ್ರವನ್ನು ಜೇಬಿನಿಂದ ತೆಗೆಯದೆ ನಾನು ಮನೆಗೆ ಬಂದೆ. ದಾರಿಯುದ್ದಕ್ಕೂ ಅಕ್ಕನ ಮೇಲೆ ಸಿಟ್ಟು ಉಕ್ಕುತ್ತಿತ್ತು. ಅವರಿಗೆ ಹದಿನಾಲ್ಕು ತಿಂಗಳು, ನನಗೆ ಹದಿನೇಳು ವರ್ಷ ಇದೆಯಲ್ಲ ಇನ್ನೂ. ಆ ಕೋಣೆಯಲ್ಲಿ ತಲೆ ತಗ್ಗಿಸಿಕೊಂಡು ಉಳಿಯಬೇಕಾದವನು ನಾನು.

ಸೋಮವಾರ ಅಕ್ಕ ನನಗಿಂತ ಮುಂಚೆ ಬಂದಿದ್ದರು. ದೃಢೀಕರಣ ಪತ್ರದ ಬದಲು ಒಂದು ಪುಟದ ಕಾಗದ ಬರೆದು ಮುದ್ರಿಸಿದ್ದರು. ಎರಡೂ ಉತ್ತರ ಒಂದೇ ಅಲ್ಲ. ಐದು ವರ್ಷದಿಂದ ಗೊತ್ತಿಲ್ಲದ್ದನ್ನು ತೊಂಬತ್ತೊಂಬತ್ತು ನಿಮಿಷವೆಂದು ಎಣಿಸಿದ್ದೇನೆ. ಕಲ್ಲುಕ್ವಾರಿ ಸ್ಟ್ಯಾಂಡಿನ ಸರಾಸರಿ ಹದಿನೇಳೂವರೆ, ಅದನ್ನು ಮುಚ್ಚಿದ್ದು ನನ್ನ ತಪ್ಪಿನಿಂದ. ಕೆಳಗೆ ಅವರ ಸಹಿ. ಯಾರು ಬೇಕಾದರೂ ಮತ್ತೆ ಲೆಕ್ಕ ಹಾಕಿ ನೋಡಲಿ ಎಂದು ಆರ್‌ಗೆ ಬರೆದ ಸಾಲುಗಳನ್ನೂ ಜೊತೆಗೆ ಪಿನ್ ಮಾಡಿದ್ದರು. ನನ್ನ ಹೆಸರು ಎಲ್ಲೂ ಇರಲಿಲ್ಲ.

"ನನ್ನನ್ಯಾಕೆ ಬಿಟ್ರಿ?"

"ನೀನು ಹೇಳಿದ್ದನ್ನ ಮಾಡಿದೀಯ. ನಾನು ನೋಡ್ಬೇಕಾಗಿತ್ತು, ನೋಡ್ಲಿಲ್ಲ."

ಬಿಟ್ಟದ್ದಕ್ಕೆ ಖುಷಿಯಾಯಿತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಕಾಗದವನ್ನು ನಾನೇ ಒಯ್ದು ಸಾಹೇಬರ ಮೇಜಿನ ಮೇಲಿಟ್ಟೆ. ಮಧ್ಯಾಹ್ನದೊಳಗೆ ಅಕ್ಕನಿಗೆ ಕಾರಣ ಕೇಳುವ ನೋಟಿಸು ಬಂತು. ಏಳು ದಿನದೊಳಗೆ ಉತ್ತರ, ಆಮೇಲೆ ವಿಚಾರಣೆ, ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟುವಂತಿಲ್ಲ. ಸ್ಟ್ಯಾಂಡ್ ಮತ್ತೆ ತೆರೆಯುವ ಬಗ್ಗೆ ಒಂದಕ್ಷರ ಇರಲಿಲ್ಲ. ಅಕ್ಕ ಅದನ್ನು ಎರಡು ಸಲ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡರು. ತಮ್ಮ ಕಾಗದದ ಇನ್ನೊಂದು ಪ್ರತಿ ತೆಗೆದುಕೊಂಡು, ಬಾಗಿಲನ್ನು ಎತ್ತಿ ತಳ್ಳಿ, ಗೇಟಿನ ಕಡೆ ನಡೆದರು. ನಾನೂ ಹಿಂದೆ ಹೋದೆ.

ಮೀಸೆ ಡ್ರೈವರ್ ಎದ್ದು ನಿಂತ. ಅಕ್ಕ ಹೇಳಬೇಕಾದದ್ದನ್ನು ಸುತ್ತಿ ಬಳಸದೆ ಹೇಳಿ ಕಾಗದ ಕೊಟ್ಟರು. ಅವನು ಓದಿದ. ಬೆರಳಿಟ್ಟುಕೊಂಡು ಸಾಲುಸಾಲಾಗಿ ಓದಿದ. ಹೊರಗೆ ಒಂದು ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು, ತಿರುಗಿಯೂ ನೋಡಲಿಲ್ಲ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಾಗಾದ್ರೆ ನಾನು ನಿಧಾನ ಅಲ್ವಾ ಅಕ್ಕ?"

"ಅಲ್ಲಪ್ಪ. ಎಲ್ಲರಿಗಿಂತ ಬೇಗ ಹೋಗ್ತಿದ್ದೋನು ನೀನು."

ಅವನು ಕಾಗದವನ್ನು ಮತ್ತೆ ನೋಡಿದ. "ನನ್ನ ಬಾಮೈದ ಕ್ವಾರೀಲಿ ಕೆಲಸಕ್ಕಿದ್ದ. ಕಲ್ಲು ಉರುಳಿ ಬಿತ್ತು. ಕರೆ ಬಂದಾಗ ಅವನು ಅಂತ ಗೊತ್ತಿರ್ಲಿಲ್ಲ, ಹೋಗಿ ನೋಡಿದ್ರೆ ಅವನೇ. ಆಸ್ಪತ್ರೆ ಮುಟ್ಟೋದ್ರೊಳಗೆ ಹೋಗ್ಬಿಟ್ಟ. ಬೇಗ ಹೋಗಿದ್ರೆ ಉಳೀತಿದ್ನಾ ಅಂತ ನನ್ನ ಹೆಂಡ್ತಿ ಕೇಳ್ತಿದ್ಲು. ಬೇಗಾನೇ ಹೋದೆ ಕಣೇ ಅಂತಿದ್ದೆ. ಆಮೇಲೆ ನಿಮ್ಮ ವರದಿ ಬಂತು, ನಲವತ್ತೊಂದು ನಿಮಿಷ, ನಿಧಾನ ಅಂತ ಸ್ಟ್ಯಾಂಡ್ ಮುಚ್ಚಿದ್ರು. ಕಂಪ್ಯೂಟರೇ ಹೇಳ್ತಿದೆಯಲ್ಲ ಅಂದ್ಲು. ಇರಬಹುದು ಅಂತ ನಾನೂ ಒಪ್ಕೊಂಡ್ಬಿಟ್ಟೆ."

ವ್ಯಾನಿನವನು ಹಾರ್ನ್ ನಿಲ್ಲಿಸಿದ್ದ. ಅವನಿಗೂ ಏನೋ ಅನ್ನಿಸಿರಬೇಕು.

"ಅಕ್ಕ, ಆ ಒಂದು ದಿನದ್ದು ನೋಡಿ ಹೇಳ್ತೀರಾ? ಅವತ್ತು ಎಷ್ಟು ನಿಮಿಷಕ್ಕೆ ಮುಟ್ಟಿದೆ ಅಂತ?"

ತಾರೀಖು ಹೇಳಿದ. ಅದನ್ನು ಕಡತದಲ್ಲಿ ಹುಡುಕುವ ಅಗತ್ಯ ಇರಲಿಲ್ಲ. ನಾಲ್ಕು ದಿನದಿಂದ ಆ ತೊಂಬತ್ತು ಸಾಲುಗಳನ್ನು ನೋಡಿ ನೋಡಿ ನಮಗಿಬ್ಬರಿಗೂ ಬಾಯಿಪಾಠ ಆಗಿತ್ತು. ಆ ತಾರೀಖು ಅವುಗಳಲ್ಲೇ ಇತ್ತು. ನಾನು ಅಕ್ಕನ ಮೊಣಕೈ ಮುಟ್ಟಿದೆ. ಹದಿನೇಳು ಅನ್ನಿ, ಸರಾಸರಿ ಅದೇ ಇದೆಯಲ್ಲ, ಯಾರಿಗೇನು ನಷ್ಟ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅಕ್ಕ ನನ್ನ ಕೈಯನ್ನು ಸರಿಸಿದರು.

"ಗೊತ್ತಿಲ್ಲಪ್ಪ. ಅವತ್ತಿನ ಚೀಟೀಲಿ ನೀನು ಟೈಮ್ ಬರೆದಿಲ್ಲ."

"ಹೌದು" ಎಂದ. "ಅವನನ್ನ ಎತ್ತೋದ್ರಲ್ಲಿದ್ದೆ. ಗಡಿಯಾರ ನೋಡ್ಲಿಲ್ಲ."

ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಹಗ್ಗ ಎಳೆದು ವ್ಯಾನನ್ನು ಒಳಗೆ ಬಿಟ್ಟು, ಮತ್ತೆ ನಮ್ಮ ಕಡೆ ತಿರುಗಿದ.

"ಹಂಗಾದ್ರೆ ಸಂಜೆ ಹೋಗಿ ಅವಳಿಗೆ ಏನ್ ಹೇಳ್ಲಿ ಅಕ್ಕ?"

ಅವನ ಮುಖ ನೋಡಲಾರದೆ ನಾನು ಗೇಟಿನ ಹಗ್ಗವನ್ನೇ ನೋಡುತ್ತ ನಿಂತೆ.